ಏಳರ ಮಗ್ಗಿ

"ಗುರುಗಳೇ, ನನ್ನ ಮಗಳನ್ನು ಸುಮ್ಮನಿರಿಸುವುದು ಹೇಗೆ?" ಎಂದು ಶಿಷ್ಯ ರಾಚಪ್ಪ ಕೇಳಿದ. ಅವನ ದನಿ ಸೋತಿತ್ತು. "ಎಂಟು ವರ್ಷದವಳು. ಕಣ್ಣು ಪಟಪಟ ಬಡಿಯುತ್ತಾಳೆ, ಗಂಟಲಲ್ಲಿ ಸದ್ದು ಮಾಡುತ್ತಾಳೆ. ಬೇಡ ಅಂದರೆ ಒಂದು ಗಳಿಗೆ ತಡೆಯುತ್ತಾಳೆ, ಆಮೇಲೆ ಎರಡರಷ್ಟು. ಬೈದು ದಣಿದೆ, ಬೇಡಿಕೊಂಡು ದಣಿದೆ, ತಾಯತವನ್ನೂ ಕಟ್ಟಿಸಿದೆ. ಹೇಳಿದ್ದು ಒಂದೂ ಅವಳ ಕಿವಿಗೆ ಬೀಳುವುದಿಲ್ಲ. ದಡ್ಡಿ. ನಾಳೆಯಿಂದ ಶಾಲೆ ಬಿಡಿಸುತ್ತೇನೆ."

"ಒಂದು ಕತೆ ಹೇಳುತ್ತೇನೆ," ಎಂದರು ಗುರುಗಳು. "ನಾನು ಕತೆ ಹೇಳಿದರೆ ಕಾಗೆಗಳು ಕೂಗುವುದು ಬಿಟ್ಟು ಸಾಲಾಗಿ ಕೂರುತ್ತವೆ. ಒಮ್ಮೆ ಒಂದು ಎತ್ತು, ಮುಂದೇನಾಯಿತೋ ಎಂಬ ಚಿಂತೆಯಲ್ಲಿ ಮೂರು ದಿನ ಮೇವು ಬಿಟ್ಟಿತ್ತು. ನಿನಗೆ ಒಂದೇ ಷರತ್ತು. ಕತೆ ಮುಗಿಯುವತನಕ ಕಣ್ಣು ಮಿಟುಕಿಸಬಾರದು."

"ಅಷ್ಟೇ ತಾನೇ," ಎಂದು ರಾಚಪ್ಪ ಕಣ್ಣು ಅಗಲಿಸಿ ಕೂತ.

ಗುರುಗಳು ಅವಸರವಿಲ್ಲದೆ ಹೇಳಿದರು:

"ಒಬ್ಬ ಬೆಲ್ಲದ ವ್ಯಾಪಾರಿಗೆ ಒಬ್ಬಳು ಮಗಳಿದ್ದಳು. ಅವಳ ಹೆಗಲು ತಾನಾಗಿ ಎಗರುತ್ತಿತ್ತು. ಮಗ್ಗಿಗಳೆಲ್ಲ ಅವಳಿಗೆ ಬಾಯಿಪಾಠ. ವ್ಯಾಪಾರಿ ಅವಳನ್ನು ಪಾಠಶಾಲೆಗೆ ಸೇರಿಸಲು ಗಾಡಿ ಕಟ್ಟಿ ಪಕ್ಕದ ಊರಿಗೆ ಕರೆದೊಯ್ದ. ಬಾಗಿಲಲ್ಲಿ ನಿಂತು, 'ಒಳಗೆ ಹೆಗಲು ಅಲುಗಿದರೆ ನನ್ನ ಮಾನ ಹೋಗುತ್ತದೆ' ಎಂದ. ಹುಡುಗಿ ಹಲ್ಲು ಕಚ್ಚಿ ನಿಂತಳು. ಹೆಗಲು ಅಲುಗಲಿಲ್ಲ. ಉಪಾಧ್ಯಾಯರು ಏಳರ ಮಗ್ಗಿ ಹೇಳು ಎಂದರು. ಅವಳ ಬಾಯಿಂದ ಒಂದಕ್ಷರ ಹೊರಡಲಿಲ್ಲ. 'ಇವಳಿಗೆ ವಿದ್ಯೆ ಹತ್ತುವುದಿಲ್ಲ' ಎಂದು ಅವರು ತಿರುಗಿ ಕಳಿಸಿದರು. ಗಾಡಿ ಊರು ದಾಟಿತು. ಹುಡುಗಿಯ ಹೆಗಲು ಬಿಡದೆ ಎಗರತೊಡಗಿತು. ಎಗರುತ್ತಲೇ ಅವಳು ಏಳರ ಮಗ್ಗಿಯನ್ನು ಒಂದು ತಪ್ಪಿಲ್ಲದೆ ಒಪ್ಪಿಸಿದಳು. 'ಇದನ್ನು ಅಲ್ಲಿ ಯಾಕೆ ಹೇಳಲಿಲ್ಲ?' ಎಂದ ವ್ಯಾಪಾರಿ. 'ಅಲ್ಲಿ ಹೆಗಲು ಹಿಡಿದುಕೊಂಡಿದ್ದೆನಲ್ಲಪ್ಪ' ಎಂದಳು ಮಗಳು."

ಕತೆ ಮುಗಿಯಿತು. ರಾಚಪ್ಪನ ಕೆನ್ನೆಯ ಮೇಲೆ ನೀರು ಇಳಿದಿತ್ತು. ಕತ್ತಿನ ನರ ಉಬ್ಬಿತ್ತು. ಕಣ್ಣು ಮಾತ್ರ ಮಿಟುಕಿರಲಿಲ್ಲ.

"ಭೇಷ್. ಈಗ ಹೇಳು, ಆ ಹುಡುಗಿ ಒಪ್ಪಿಸಿದ್ದು ಯಾವ ಮಗ್ಗಿ?"

ರಾಚಪ್ಪ ತಡವರಿಸಿದ. "ಕತೆಯಲ್ಲಿ ಮಗ್ಗಿ ಬಂತೇ ಗುರುಗಳೇ? ನನ್ನ ಗಮನವೆಲ್ಲ ಕಣ್ಣಿನ ಮೇಲೇ ಇತ್ತು. ನೀವು ಹೇಳಿದ್ದು ಒಂದೂ ಕಿವಿಗೆ ಬೀಳಲಿಲ್ಲ."

"ಹಾಗಾದರೆ ಇನ್ನು ಕಣ್ಣು ಮಿಟುಕಿಸು, ರಾಚಪ್ಪ, ಮನೆಗೆ ಹೋದ ಮೇಲೆ ಮಗಳಿಗೂ ಇದೇ ಅಪ್ಪಣೆ ಕೊಡು."