ಪೈಪಿನ ಒಂದು ಚೂರು

ಕಪಿಲಾ ನದಿ ದಡದಲ್ಲಿ, ಹುಣಸೆ ಮರದ ಕೆಳಗೆ ದ್ಯಾವಯ್ಯನವರ ಗ್ಯಾರೇಜು. ಊರೋರು ಅದನ್ನ ಆಶ್ರಮ ಅಂತಿದ್ರು.

ದ್ಯಾವಯ್ಯ ಒಂದ್ಸಲ ಕೆಮ್ಮಿದ್ರೆ ಸಾಕು, ಕೆಟ್ಟು ನಿಂತ ಗಾಡಿ ತಾನಾಗೇ ಸ್ಟಾರ್ಟ್ ಆಗೋದು. ಬೈಕುಗಳ ಮಟ್ಟಿಗೆ ಇದು ಪೂರ್ತಿ ನಿಜ. ಲಾರಿಗೆ ಕೆಮ್ಮಿದಾಗ ಮಾತ್ರ ಅದು ಬರೀ ಹಾರ್ನ್ ಹೊಡೆದು ಸುಮ್ಮನಾಯ್ತು.

ಅವರ ಶಿಷ್ಯ ಕೆಂಪರಾಜು. ಏಳು ವರ್ಷ ಅಲ್ಲೇ ಕೆಲಸ ಕಲಿತೋನು. ನಾಳೆ ಬೆಳಗ್ಗೆ ಅವನ ಸ್ವಂತ ಅಂಗಡಿ ಪೂಜೆ. ನಾಡಿದ್ದಿಂದ ಆಷಾಢ. ನಾಳೆ ತಪ್ಪಿದ್ರೆ ಇನ್ನೊಂದು ತಿಂಗಳು ಬಾಗಿಲು ತೆಗೆಯೋ ಹಾಗಿಲ್ಲ.

ಆ ಗ್ಯಾರೇಜಲ್ಲಿ ಒಂದು ಪದ್ಧತಿ. ಬಿಟ್ಟು ಹೋಗೋ ಶಿಷ್ಯ ಕೊನೇ ಗಾಡಿ ಒಬ್ಬನೇ ಮುಗಿಸಬೇಕು. ಗುರು ಸ್ಪ್ಯಾನರ್ ಮುಟ್ಟಲ್ಲ. ಗಾಡಿಯೋರು ಅದನ್ನ ಓಡಿಸ್ಕೊಂಡು ಹೋದ ಮೇಲೇನೇ ಅಪ್ಪಣೆ.

ಕೊನೇ ಗಾಡಿ ದನದ ಡಾಕ್ಟ್ರು ಫಿಲೋಮಿನಾ ಅವರ ಬೈಕು. ಆಯಮ್ಮ ಹೊರಟರೆ ಅವರ ನೆರಳು ಹತ್ತು ನಿಮಿಷ ತಡವಾಗಿ ತಲುಪೋದು, ಅಷ್ಟು ಸ್ಪೀಡು. ಎಂಜಿನ್ನಿಗೆ ಕೂಲೆಂಟ್ ನೀರು ಹೋಗೋ ಪ್ಲಾಸ್ಟಿಕ್ ಪೈಪು, ಹೆಬ್ಬೆರಳು ಗಾತ್ರದ್ದು, ಬಿರುಕು ಬಿಟ್ಟು ಸೋರ್ತಿತ್ತು. ಹಳೇದು ಕೀಳಬೇಕು, ಹೊಸದು ಕೂರಿಸಬೇಕು. ಅಷ್ಟೇ ಕೆಲಸ.

ಕೆಂಪರಾಜು ಪ್ಲೈಯರ್ ಹಾಕಿ ಎಳೆದ. ಬರಲಿಲ್ಲ. ತಿರುಚಿ ಎಳೆದ.

ಪಟ್ ಅಂತ ಪೈಪಿನ ಕತ್ತು ಮುರೀತು. ಬುಡ ಎಂಜಿನ್ ತೂತಲ್ಲೇ ಕಚ್ಕೊಂಡು ಕೂತ್ಕೊಂಡಿತು.

ಅವನು ಉಳಿ, ಸುತ್ತಿಗೆ ಎತ್ಕೊಂಡ.

"ಯಾರನ್ನ ಕೊಲ್ಲೋಕೆ ಹೊರಟೆ?" ಅಂದ್ರು ದ್ಯಾವಯ್ಯ, ಬೆಂಚಿನ ಮೇಲಿಂದ.

"ಬುಡ ಬರ್ತಿಲ್ಲ ಗುರುಗಳೇ. ಬಡಿದು ತೆಗೀತೀನಿ."

"ಸುತ್ತ ಇರೋದು ಅಲ್ಯುಮಿನಿಯಂ. ಅದಕ್ಕೆ ಗೀರು ಬಿದ್ರೆ ಹೊಸ ಪೈಪೂ ಸೋರುತ್ತೆ. ನಿಮ್ಮಜ್ಜಿ ಕೈ ಊದ್ಕೊಂಡಾಗ ಬಳೆ ಹೆಂಗೆ ತೆಗೆದ್ರು?"

"ಬಳೆಗಾರ ಬಂದು ಮೆಲ್ಲಗೆ ಒಡೆದ."

"ಕೈಗೆ ಗೊತ್ತಾಯ್ತಾ?"

"ಇಲ್ಲ."



ಕೆಂಪರಾಜು ಉಳಿ ಕೆಳಗಿಟ್ಟ. ಗರಗಸದ ಬ್ಲೇಡಿನ ಒಂದು ತುಂಡಿಗೆ ಬಟ್ಟೆ ಸುತ್ತಿ ಹಿಡ್ಕೊಂಡ. ಬುಡದ ಒಳಗಿಂದ, ಬರೀ ಪ್ಲಾಸ್ಟಿಕ್ ಮಾತ್ರ ತಾಗೋ ಹಾಗೆ, ಸಣ್ಣಗೆ ಕೊಯ್ದ. ಮೂರು ಕಡೆ. ಎಷ್ಟು ನಿಧಾನ ಅಂದ್ರೆ, ಆ ಹೊತ್ತಿಗೆ ನದಿ ಎರಡು ಸಲ ನಿಂತು ನೋಡ್ಕೊಂಡು ಹೋಯ್ತು. ಆಮೇಲೆ ಮೊಂಡು ಸ್ಕ್ರೂಡ್ರೈವರಲ್ಲಿ ಒಳಕ್ಕೆ ಒತ್ತಿದ. ಬುಡ ಕುಸಿದು ಚೂರು ಚೂರಾಗಿ ಈಚೆ ಬಂತು. ಅಲ್ಯುಮಿನಿಯಂ ಮೇಲೆ ಒಂದು ಗೆರೆ ಇಲ್ಲ.

ಗುರು ಬಗ್ಗಿ ನೋಡಿದ್ರು. "ಹೂಂ. ಟವೆಲ್ ಮೇಲೆ ಜೋಡಿಸು."

ಅದೂ ಅಲ್ಲಿನ ಪದ್ಧತಿಯೇ. ಮುರಿದದ್ದನ್ನ ಪೂರ್ತಿ ಜೋಡಿಸಿ ನೋಡದೆ ಎಂಜಿನ್ ಮುಚ್ಚಬಾರದು.

ಕೆಂಪರಾಜು ಬಿಳಿ ಟವೆಲ್ ಹಾಸಿ ಚೂರುಗಳನ್ನ ಜೋಡಿಸಿದ. ಬಳೆ ಆಕಾರಕ್ಕೆ ಬಂತು. ಒಂದು ಕಡೆ ಮಾತ್ರ ಉಗುರಿನಷ್ಟು ಜಾಗ ಖಾಲಿ.

ಕೊಯ್ಯೋ ಮೊದಲು, ಚೂರು ಒಳಗೆ ಬೀಳದ ಹಾಗೆ, ತೂತಿನ ಒಳಗೆ ಬಟ್ಟೆ ತುರುಕಬೇಕಿತ್ತು. ಮರೆತಿದ್ದ.

ನೆಲ ಗುಡಿಸಿ ನೋಡಿದ. ಲೋಟದಲ್ಲಿದ್ದ ಟೀ ಸೋಸಿದ. ಗಾಬರಿಗೆ ಮ್ಯಾಗ್ನೆಟ್ ಕೂಡ ಆಡಿಸಿದ.

"ಪ್ಲಾಸ್ಟಿಕ್ಕು ಮ್ಯಾಗ್ನೆಟ್ಟಿಗೆ ಬರೋದು ಯಾವಾಗಿಂದ?" ಅಂದ್ರು ದ್ಯಾವಯ್ಯ.

"ಒಂದು ಚೂರು ಇಲ್ಲ ಗುರುಗಳೇ. ಒಳಗೆ ಬಿದ್ದಿರಬೇಕು. ಬಿಚ್ಚಿ ಹುಡುಕೋಕೆ ಎರಡು ದಿನ ಬೇಕು."

"ನಿನ್ನ ಗಾಡಿ. ನೀನೇ ನೋಡ್ಕೋ."

ಕೆಂಪರಾಜು ಮತ್ತೆ ಟವೆಲ್ ನೋಡಿದ. ಉಗುರಿನಷ್ಟು ಚೂರು. ಎಲ್ಲೋ ಮೂಲೆಲಿ ಬಿದ್ಕೊಂಡಿರುತ್ತೆ. ಕೂಲೆಂಟ್ ತಿರುಗಿಸೋ ಪಂಪಿಗೆ ಸಿಕ್ಕಿಹಾಕ್ಕೊಳ್ಳಲೇಬೇಕು ಅಂತೇನಿಲ್ಲ. ನಾಳೆ ಪೂಜೆ.

ಎದ್ದು ಹೊಸ ಪೈಪು ಕೂರಿಸಿದ. ಕೂಲೆಂಟ್ ತುಂಬಿ ಸ್ಟಾರ್ಟ್ ಮಾಡಿದ. ಒಂದು ತೊಟ್ಟು ಸೋರಲಿಲ್ಲ.

ಟವೆಲ್ ಮಡಚಿ ಜೇಬಿಗೆ ತುರುಕ್ಕೊಂಡ. ಗುರು ಹೊಳೆ ಕಡೆ ನೋಡ್ತಿದ್ರು.

ಮೂರು ಗಂಟೆಗೆ ಡಾಕ್ಟ್ರಮ್ಮ ಬಂದ್ರು.

"ಆಯ್ತೇನಯ್ಯಾ? ಆಚೆ ದಡದಲ್ಲಿ ಹಸು ಕರು ಹಾಕೋಕೆ ಒದ್ದಾಡ್ತಿದೆ." ಹೆಲ್ಮೆಟ್ ಹಾಕ್ಕೊಂಡು ಗಾಡಿ ಹತ್ತಿದ್ರು. "ನಾಳೆ ನಿನ್ನ ಪೂಜೆಗೆ ಬರ್ತೀನಿ, ಹೋಳಿಗೆ ಇಟ್ಟಿರು."

ಗಾಡಿ ಹತ್ತು ಮಾರು ಹೋಯ್ತು. ಕೆಂಪರಾಜು ಓಡಿ ಹೋಗಿ ಹ್ಯಾಂಡಲ್ ಹಿಡಿದು ಕೀ ಆಫ್ ಮಾಡಿದ.

"ಬೇಡ ಮೇಡಂ. ಹಳೇ ಪೈಪು ನಾನೇ ಮುರಿದೆ. ಒಂದು ಚೂರು ಎಂಜಿನ್ ಒಳಗೆ ಬಿದ್ದಿದೆ. ಪಂಪಿಗೆ ಸಿಕ್ಕಿದ್ರೆ ಎಂಜಿನ್ ಕಾದು ದಾರಿಲೇ ನಿಂತುಬಿಡುತ್ತೆ."

"ಮತ್ತೆ ಗಾಡಿ ಕೈಗೆ ಕೊಟ್ಟೆಯಲ್ಲಪ್ಪಾ?"

"ಕೊಟ್ಟೆ. ತಪ್ಪಾಯ್ತು. ನನ್ನ ಸ್ನೇಹಿತನ ಗಾಡೀಲಿ ಬಿಟ್ಟು ಬರ್ತೀನಿ, ಬನ್ನಿ. ಇದನ್ನ ಎರಡು ದಿನದಲ್ಲಿ ಬಿಚ್ಚಿ ಸರಿ ಮಾಡ್ತೀನಿ."

"ನಾಳೆ ಪೂಜೆ?"

"ಆಷಾಢ ಕಳೀಲಿ."

ದ್ಯಾವಯ್ಯ ಬೆಂಚಿಂದ ಎದ್ದು ಬಂದ್ರು. ಡಾಕ್ಟ್ರಮ್ಮನ ಮುಂದೆ ಎಡಗೈ ಬಿಚ್ಚಿದ್ರು. ಅಂಗೈಲಿ ಉಗುರಿನಷ್ಟು ಕಪ್ಪು ಪ್ಲಾಸ್ಟಿಕ್ ಚೂರು.

"ಬಗ್ಗಿ ನೋಡಿದೆನಲ್ಲ, ಆಗ ಎತ್ಕೊಂಡೆ. ನೀವು ಹೊರಡಿ ತಾಯಿ. ಹಸು ಕಾಯಲ್ಲ."

"ಈ ವಯಸ್ಸಲ್ಲಿ ಇದೆಲ್ಲ ಬೇಕಾ ದ್ಯಾವಯ್ಯನೋರೇ?" ಅಂತ ಡಾಕ್ಟ್ರಮ್ಮ ಕೀ ತಿರುಗಿಸಿದ್ರು. ಗಾಡಿ ಸೇತುವೆ ದಾಟಿತು. ಸ್ವಲ್ಪ ಹೊತ್ತಾದ ಮೇಲೆ ಅವರ ನೆರಳೂ ದಾಟಿತು.

ಕೆಂಪರಾಜು ನೆಲದ ಮೇಲೆ ಕುಕ್ಕರಿಸಿದ. ಜೇಬಿಂದ ಟವೆಲ್ ತೆಗೆದು, ಚೂರುಗಳನ್ನ ಕೊಡವಿ ಮುಖ ಒರೆಸ್ಕೊಂಡ.

"ಗುರುಗಳೇ, ನಾನು ಬಾಯಿ ಬಿಡದೆ ಅವರನ್ನ ಕಳಿಸಿಬಿಟ್ಟಿದ್ರೆ?"

ದ್ಯಾವಯ್ಯ ಆ ಚೂರನ್ನ ಅವನ ಕೈಗಿಟ್ರು.

"ಗಾಡಿಗೇನೂ ಆಗ್ತಿರಲಿಲ್ಲ."