ಸೂರವ್ವನವರು ಹೊತ್ತು ತಂದ ಕೆಂಡ

ಕರೇಗುಂಡಿಯಿಂದ ಪಡುವಣಕ್ಕೆ ಹೊರಟ ನಲವತ್ತು ಗಾಡಿಗಳಲ್ಲಿ ಮುಂದಿನ ಗಾಡಿ ಹೊಡೆದವನು ಈ ನಾನೇ. ಸುಳ್ಳು; ಆಗ ನಾನಿನ್ನೂ ಹುಟ್ಟಿಯೇ ಇರಲಿಲ್ಲ. ಹೊಡೆದವರು ನಮ್ಮ ತಾತ ಪಾಲಯ್ಯ. ಆ ಗಾಡಿಯಲ್ಲಿ ಕೂತು ಎಲ್ಲವನ್ನೂ ಕಣ್ಣಾರೆ ಕಂಡವಳು ಅವರ ಮಗಳು ಸಣ್ಣಕ್ಕ, ಎಂದರೆ ನಮ್ಮವ್ವ. ಅವಳು ಸುಳ್ಳಾಡಿದವಳಲ್ಲ. ಸುಳ್ಳಾಡುವ ಗುಣ ನನಗೆ ಅಪ್ಪನ ಕಡೆಯಿಂದ ಬಂದದ್ದು. ಆದ್ದರಿಂದ ಪೂಜ್ಯ ಸೂರವ್ವನವರ ಈ ಪ್ರಸಂಗವನ್ನು ಅವಳ ಬಾಯಿಂದ ಕೇಳಿದಂತೆಯೇ ಒಪ್ಪಿಸುತ್ತೇನೆ. ನಾನು ಕೈಯಾಡಿಸಿದ ಕಡೆ ನಾನೇ ಹೇಳಿಬಿಡುತ್ತೇನೆ.

ಪ್ಲೇಗು ಮೂರು ಸಲ ಬಂದು ಕರೇಗುಂಡಿಯ ಒಂದೊಂದು ಮನೆಯಿಂದಲೂ ಒಬ್ಬಿಬ್ಬರನ್ನು ಕೊಂಡೊಯ್ದಿತ್ತು. ಅದೇ ವರ್ಷ ಸರ್ಕಾರದವರು ಬಿಳಿಹುಲ್ಲು ಕಾವಲನ್ನು ಸಾಗುವಳಿಗೆ ಬಿಟ್ಟರು. ಅಲ್ಲಿ ಗುಡಿಸಲು ಕಟ್ಟಿ, ಒಲೆ ಹೊತ್ತಿಸಿ, ಮುಂಗಾರಿಗೆ ಮೊದಲು ನೇಗಿಲು ಹೂಡಿದವರಿಗೇ ನೆಲ ಎಂದು ಡಂಗುರ ಸಾರಿಸಿದರು. ಆಳೆತ್ತರದ ಹುಲ್ಲು, ಮನುಷ್ಯರ ಸುಳಿವಿಲ್ಲದ ಬಯಲು, ಹನ್ನೆರಡು ದಿನದ ದಾರಿ. ಬದುಕಿ ಉಳಿದವರು ಗಾಡಿ ಕಟ್ಟಿದರು.

ಊರು ಬಿಡುವಾಗ ಊರಮ್ಮನ ಗುಡಿಯ ಬೆಂಕಿಯನ್ನು ಮಡಕೆಯಲ್ಲಿ ಒಯ್ಯುವುದು ಅವರ ಪದ್ಧತಿ. ದಾರಿಯಲ್ಲಿ ಅದು ಆರಿದರೆ ತಾಯಿ ಜೊತೆಗೆ ಬರಲಿಲ್ಲವೆಂದು ಅರ್ಥ, ಗಾಡಿ ತಿರುಗಿಸಲೇಬೇಕು. ಆ ಮಡಕೆಯನ್ನು ಹೊತ್ತವರು ಸೂರವ್ವನವರು. ಮನೆಯಿಲ್ಲ, ಮಕ್ಕಳಿಲ್ಲ, ಮಠವಿಲ್ಲ. ಪ್ಲೇಗಿನ ದಿನಗಳಲ್ಲಿ ಹೆತ್ತವರೂ ಮುಟ್ಟದ ರೋಗಿಗಳಿಗೆ ಬಾಯಿಗೆ ನೀರು ಬಿಟ್ಟವರು ಅವರೊಬ್ಬರೇ. ಗಾಡಿ ಹತ್ತಿ ಎಂದರೆ ಒಪ್ಪರು. ಎಲ್ಲಕ್ಕಿಂತ ಹಿಂದಿನ ಗಾಡಿಯ ಧೂಳಿನಲ್ಲಿ ನಡೆಯುವರು. ಸಂಜೆ ಬಿಡಾರ ಹೂಡಿದಾಗ ನಲವತ್ತು ಒಲೆಗಳಿಗೂ ಅವರ ಮಡಕೆಯಿಂದಲೇ ಬೆಂಕಿ.

ತಾತನಿಗೆ ಅವರಲ್ಲಿ ಭಕ್ತಿಯಿರಲಿಲ್ಲ. ಹೆಂಡತಿ ಬೋರಮ್ಮನನ್ನು ಕರೇಗುಂಡಿಯ ಮಣ್ಣಿಗಿಟ್ಟು ಹದಿನೇಳನೆಯ ದಿನಕ್ಕೆ ಗಾಡಿ ಹೂಡಿದ ಮನುಷ್ಯ. ದಾರಿಯುದ್ದಕ್ಕೂ ಅವರದು ಒಂದೇ ಮಾತು: "ಅವಳೊಬ್ಬಳನ್ನೇ ಬಿಟ್ಟು ಬಂದೆ." ಹಿಂದಿರುಗಲು ಅವರಿಗೊಂದು ನೆವ ಬೇಕಿತ್ತು. ನಾಲ್ಕನೆಯ ದಿನ ಹೊಳೆ ದಾಟುವಾಗ ಸೂರವ್ವನವರ ಕಾಲು ಜಾರಿ ಮಡಕೆ ನೀರಿನಲ್ಲಿ ಮುಳುಗಿದ್ದನ್ನು ಆಚೆ ದಡದಿಂದ ತಿರುಗಿ ನೋಡಿ ಕಂಡವರು ತಾತ ಒಬ್ಬರೇ. ಆದರೂ ಆ ಸಂಜೆ ಮಡಕೆಯಲ್ಲಿ ಬೆಂಕಿಯಿತ್ತು! ಏನೋ ಮೋಸವಿದೆ ಎಂದುಕೊಂಡರು. ಬಾಯಿ ಬಿಡದೆ ಮನಸ್ಸಿನಲ್ಲೇ ಇಟ್ಟುಕೊಂಡರು.

ಹನ್ನೆರಡನೆಯ ಬೆಳಗ್ಗೆ ಬೆಳಕು ಹರಿದಾಗ ಎದುರಿಗೆ ಕಾವಲು ಕಾಣಿಸಿತು. ಹುಲ್ಲು, ಹುಲ್ಲು, ಅದರಾಚೆ ಆಕಾಶ. ತಾತ ಒಮ್ಮೆ ನೋಡಿದರು, ಎತ್ತುಗಳ ಮೋರೆಯನ್ನು ಮೂಡಲಿಗೆ ತಿರುಗಿಸಿ ನೊಗ ಕಟ್ಟಿದರು. ಮುಂದಿನ ಗಾಡಿ ತಿರುಗಿದರೆ ನಲವತ್ತೂ ತಿರುಗುತ್ತವೆ. ತಿರುಗಿ ಹೋದವರಿಗೆ ಕಾದಿರುವುದು ಇಲಿ ಸತ್ತುಬಿದ್ದ ಮನೆಗಳು.

"ಅಪ್ಪಾ, ಎತ್ತ ತಿರುಗಿಸ್ತಿದೀಯ?" ಎಂದಳು ಸಣ್ಣಕ್ಕ.

"ಊರಿಗೆ. ಬೆಂಕಿ ಹೊಳೇಲಿ ಸತ್ತು ಎಂಟು ದಿನ ಆತು. ಆ ಮುದುಕಿ ಮಡಕೇನ ಎಲ್ರ ಮುಂದೆ ಬೋರಲು ಹಾಕ್ತೀನಿ, ಬಾ ನೋಡು!"

ಇಬ್ಬರೂ ಹಿಂದಕ್ಕೆ ನಡೆದರು. ಗಾಡಿ ಹೂಡುವ ಗಡಿಬಿಡಿಯಲ್ಲಿ ಸೂರವ್ವನವರು ಏನು ಮಾಡುತ್ತಾರೆಂದು ಅಷ್ಟು ದಿನವೂ ಯಾರೂ ನೋಡಿರಲಿಲ್ಲ. ಅವರು ಜನ ಬಿಟ್ಟೆದ್ದ ಒಲೆಗಳ ಮುಂದೆ ಒಂದೊಂದಾಗಿ ಮಂಡಿಯೂರಿ, ಬೂದಿ ಕೆದಕಿ, ಒಂದೊಂದು ಕೆಂಡವನ್ನು ಬರಿಗೈಯಲ್ಲೇ ಎತ್ತಿ ಮಡಕೆಗಿಡುತ್ತಿದ್ದರು. ಪ್ರತಿ ಕೆಂಡಕ್ಕೂ ಒಂದು ಹೆಸರು. "ಬಾರೋ ನಿಂಗಣ್ಣ." "ಬಾ ಕಾಟವ್ವ." ಆಯಾ ಮನೆಯವರು ಪ್ಲೇಗಿನಲ್ಲಿ ಕಳೆದುಕೊಂಡವರ ಹೆಸರುಗಳು ಅವು. ತಾತನ ಕಾಲು ಅಲ್ಲೇ ನಿಂತಿತು. ಕೋಪ ನಿಲ್ಲಲಿಲ್ಲ.

"ಹೊಳೇಲಿ ಬೆಂಕಿ ಆರಿತೋ ಇಲ್ವೋ, ಹೇಳವ್ವ!"

"ಆರಿತು."

"ಮತ್ತೆ ಇದೆಲ್ಲಿಂದ ಬಂತು?"

"ಆಚೆ ದಡದಾಗೆ ಹರಿಗೋಲಿನವನ ಗುಡಿಸಲಿತ್ತು. ಅವನ ಒಲೆಯಿಂದ ಬೇಡಿ ತಂದೆ."

"ಕೇಳಿದ್ರೇನ್ರಪ್ಪಾ! ಇದು ನಮ್ಮೂರ ಬೆಂಕಿಯೇ ಅಲ್ಲ!"

ಸುತ್ತ ಜನ ಸೇರಿದ್ದರು. ಸೂರವ್ವನವರು ತಲೆಯೆತ್ತಿ ನೋಡಿದರು. "ಎಂಟು ದಿನ ನಿಮ್ಮ ಮುದ್ದೆ ಬೇಯಿಸೈತೆ. ಇನ್ನೆಷ್ಟು ದಿನಕ್ಕೆ ನಿಮ್ಮದಾಗ್ತೈತೆ, ಪಾಲಯ್ಯ?"

ಅವರು ಮಡಕೆಯನ್ನು ಅಲ್ಲೇ ಬಿಟ್ಟು ಎದ್ದು ಹೋಗಿ ತಾತನ ಒಲೆಯ ಮುಂದೆ ಕೂತರು. ಬೂದಿಯೊಳಗಿಂದ ಒಂದು ಕೆಂಡ ಎತ್ತಿ ತಾತನತ್ತ ಚಾಚಿದರು.

"ಬೋರಮ್ಮ ಇಲ್ಲೀತನಕ ಬಂದವ್ಳೆ. ಇಲ್ಲೇ ಬಿಡ್ಲಾ?"

ತಾತ ಅಂಗೈ ಒಡ್ಡಿದರು.

ಆ ಕೆಂಡ ಹೂವಿನಂತೆ ತಂಪಾಗಿತ್ತೆಂದು ಹೇಳಲು ನನಗೆ ಬಲು ಆಸೆ. ಎರಡು ಊರುಗಳಲ್ಲಿ ಹಾಗೆ ಹೇಳಿಯೂ ಇದ್ದೇನೆ. ಸುಳ್ಳು. ಸುಟ್ಟಿತು. ಚರ್ಮ ಚುರ್ರೆಂದದ್ದು ನಮ್ಮವ್ವನಿಗೆ ಕೇಳಿಸಿತು. ತಾತ ಕೈ ಬಿಡಲಿಲ್ಲ. ಮಡಕೆಯಿದ್ದಲ್ಲಿಗೆ ಹತ್ತು ಹೆಜ್ಜೆ ನಡೆದು, ಮಗುವನ್ನು ಮಲಗಿಸುವ ಹಾಗೆ ಅದನ್ನು ಒಳಗಿಟ್ಟು, "ಬಾ ಬೋರಿ" ಎಂದರು. ಹೆಂಡತಿ ಸತ್ತಾಗ ಬಾರದಿದ್ದ ಅಳು ಆಗ ಬಂತು. ಸಣ್ಣಕ್ಕ ಓಡಿಹೋಗಿ ಎತ್ತುಗಳನ್ನು ಪಡುವಣಕ್ಕೆ ತಿರುಗಿಸಿದಳು. ಅಂದು ಮುಂದಿನ ಗಾಡಿ ಹೊಡೆದವಳು ಅವಳೇ. ತಾತ ಎಲ್ಲಕ್ಕಿಂತ ಹಿಂದೆ, ಧೂಳಿನಲ್ಲಿ, ಮಡಕೆ ಹೊತ್ತು ಬಂದರು. ಆ ಸಂಜೆ ಕಾವಲಿನ ಮೇಲೆ ನಲವತ್ತು ಹೊಗೆ ಎದ್ದವು.

ಮುಂಗಾರು ಕಳೆದ ಮೇಲೆ ಅಮಲ್ದಾರರು ನೆಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಬಂದರು. ಸೂರವ್ವನವರ ಸರದಿ ಬಂದಾಗ ಕಾಗದದ ಮೇಲೆ ಬರಿಯ ಕಪ್ಪು ಚುಕ್ಕೆ ಮೂಡಿತು. ಮತ್ತೊಮ್ಮೆ ಒತ್ತಿಸಿದರು, ಹತ್ತು ಬೆರಳನ್ನೂ ಒತ್ತಿಸಿದರು. ಹೊಳೆಯ ಕಲ್ಲಿನಂಥ ನುಣುಪು, ಒಂದು ಗೆರೆಯಿಲ್ಲ.

"ಇದು ನಿಮ್ಮದೇ ಅನ್ನೋದಕ್ಕೆ ಗುರುತೇನಮ್ಮ?" ಎಂದರು ಅಮಲ್ದಾರರು.

ಸೂರವ್ವನವರು ಸುಮ್ಮನೆ ನಕ್ಕರು. ತಾತ ಮುಂದೆ ಬಂದು ಅಂಗೈ ಬಿಚ್ಚಿ ತೋರಿಸಿದರು. "ಅವರ ಗುರುತು ಇಲ್ಲೈತೆ, ಸ್ವಾಮಿ."

ಅಮಲ್ದಾರರು ಅಡ್ಡಬಿದ್ದರೆಂದು ನಾನು ಸೇರಿಸುವುದುಂಟು. ನಮ್ಮವ್ವ ಹೇಳಿದ್ದು ಇಷ್ಟೇ: ಅವರು ಬಹಳ ಹೊತ್ತು ಆ ಕಲೆಯನ್ನೇ ನೋಡಿದರು, ಆಮೇಲೆ ಬಗ್ಗಿ ತಮ್ಮ ಬೂಟು ಕಳಚಿದರು.

ಆ ಅಂಗೈಯನ್ನು ನಾನು ಮುಟ್ಟಿ ನೋಡಿದ್ದೇನೆ. ಇದರಲ್ಲಿ ಸುಳ್ಳಿಲ್ಲ. ಈ ಹೋಟೆಲಿನ ಒಲೆಗೆ ಬೆಂಕಿ ಬಂದದ್ದೂ ಅದೇ ಕಾವಲಿನಿಂದ. ಹೋಟೆಲಿನವರು ಬೆಳಗ್ಗೆ ಬೆಂಕಿಕಡ್ಡಿ ಗೀರಿದ್ದನ್ನು ನೀವು ಕಂಡಿದ್ದರೆ ದಯವಿಟ್ಟು ಮರೆತುಬಿಡಿ. ಟೀಯನ್ನು ಪ್ರಸಾದವೆಂದೇ ತಿಳಿದು, ನನ್ನ ಲೋಟದ ಕಾಸನ್ನೂ ನೀವೇ ಕೊಟ್ಟುಬಿಡಿ.