ಗೌರವ್ವನ ಎಮ್ಮೆ ಹಾಲು ಬಿಡಲಿಲ್ಲ

ಗೌರವ್ವನ ಬಳಿ ಚೆಲುವಿ ಎಂಬ ಎಮ್ಮೆ ಇತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂಬ ಗಾದೆ ಚೆಲುವಿಗೆ ಗೊತ್ತಿರಲಿಲ್ಲ. ಕರು ಮೊಲೆ ಬಿಟ್ಟ ಮೇಲೆ ಅದು ಗೌರವ್ವನ ಮಾತು ಕಿವಿಗೆ ಬಿದ್ದರಷ್ಟೇ ಹಾಲು ಬಿಡುತ್ತಿತ್ತು. "ಏ ಕಳ್ಳಿ, ಯಾರಿಗೆ ಮುಚ್ಚಿಟ್ಟೀ?" ಎಂದು ಬೈಯುತ್ತಲೇ ಗೌರವ್ವ ಚರಿಗೆ ತುಂಬಿಸುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಅವಳಿಗೆ ಏನೋ ಆಯಿತು. ಅನ್ನ ಸಪ್ಪೆ, ನಿದ್ದೆ ದೂರ, ಕಾರಣವಿಲ್ಲದ ಅಳು. ಮಾತು ಕಡಿಮೆಯಾಗುತ್ತಾ ಬಂತು. ತಾನು ಮನೆಗೆ ಭಾರ, ಇಲ್ಲದಿದ್ದರೇ ಚೆನ್ನ ಎಂಬ ಯೋಚನೆಯೂ ಬರತೊಡಗಿತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಸಲಹೆ ಕೊಡಲು ಊರವರಿಗೆ ಕಾಸು ಬೇಕೆ? ಅತ್ತೆ ದೃಷ್ಟಿ ತೆಗೆದಳು. ನೆರೆಯವಳು "ಉಂಡು ಕುಂತ್ರ ಹಿಂಗ ಆಗತೈತಿ" ಎಂದಳು. ಗಂಡ ಫಕೀರಪ್ಪ ಆಸ್ಪತ್ರೆಗೆ ಕರೆದರೆ ಗೌರವ್ವನೇ, "ನನಗೇನಾಗೇತಿ? ಜ್ವರಾನ, ನೆಗಡೀನ?" ಎಂದು ತಳ್ಳಿಹಾಕಿದಳು.

ಒಂದು ಬೆಳಗ್ಗೆ ಚೆಲುವಿ ತೊಟ್ಟು ಹಾಲೂ ಬಿಡಲಿಲ್ಲ. ಬಿಸಿಲೇರುವ ಮುಂಚೆಯೇ ಗಂಡ ಹೆಂಡತಿ ಅದನ್ನು ದನದ ಆಸ್ಪತ್ರೆಗೆ ಹೊಡೆದುಕೊಂಡು ಹೋದರು.

ಡಾಕ್ಟರು ಮುಟ್ಟಿ ನೋಡಿದರು. "ಜ್ವರ ಇಲ್ಲ, ಕೆಚ್ಚಲ ಚಲೋ ಐತಿ. ನೀ ಹೆಂಗ ಹಿಂಡತೀ, ತೋರಿಸವ್ವಾ."

ಗೌರವ್ವ ಸುಮ್ಮನೆ ಕೂತು ಕೈ ಹಚ್ಚಿದಳು. ಚೆಲುವಿ ಕಿವಿ ನಿಮಿರಿಸಿ ಅವಳತ್ತಲೇ ನೋಡಿತು.

"ಅದು ನಿನ್ನ ಮಾತಿಗೆ ಕಾಯಾಕತ್ತೇತಿ" ಎಂದ ಫಕೀರಪ್ಪ ಮೆಲ್ಲಗೆ.

"ಮಾತ ಬರವಲ್ದು!" ಎಂದವಳೇ ಗೌರವ್ವ ಎಮ್ಮೆಯ ಪಕ್ಕೆಗೆ ಹಣೆ ಹಚ್ಚಿ ಅತ್ತುಬಿಟ್ಟಳು. ಯಾರಿಗೂ ಹೇಳದ್ದನ್ನೆಲ್ಲ ಅಲ್ಲೇ ಹೇಳಿದಳು.

"ಎಮ್ಮಿ ಒಂದ ದಿನ ಹಾಲ ಬಿಡಲಿಲ್ಲ ಅಂತ ಓಡಿ ಬಂದಿ. ನಿನಗ ಆರಾಮ ಇಲ್ದಾಗ ಇಷ್ಟ ದಿನ ಯಾಕ ತಡದಿ?" ಎಂದರು ಡಾಕ್ಟರು. "ನಿನ್ನ ಔಷಧ ನನ್ನ ಹತ್ರ ಇಲ್ಲವ್ವಾ. ಜಿಲ್ಲಾ ಆಸ್ಪತ್ರ್ಯಾಗ ಮನಸ್ಸಿನ ಡಾಕ್ಟರ್ ಅದಾರ. ಇವತ್ತ ಹೋಗ್ರಿ."

"ಮಂದಿ ಹುಚ್ಚಿ ಅಂದ್ರ?"

"ಎಮ್ಮಿ ಹೊಡಕೊಂಡು ಬರೂವಾಗ ದಾರ್ಯಾಗ ಯಾರರ ನಕ್ಕರೇನು?"

ಚೆಲುವಿಯನ್ನು ಅಲ್ಲೇ ಬೇವಿನ ಮರಕ್ಕೆ ಕಟ್ಟಿ, ಡಾಕ್ಟರಿಗೇ ಕಾವಲು ಒಪ್ಪಿಸಿ ಇಬ್ಬರೂ ಬಸ್ಸು ಹತ್ತಿದರು.

ಮನಸ್ಸಿನ ಡಾಕ್ಟರಮ್ಮ ಕೂರಿಸಿಕೊಂಡು ಎಲ್ಲ ಕೇಳಿದರು. "ಇದಕ್ಕ ಖಿನ್ನತೆ ಅಂತಾರ, ತಾಯಿ. ಇದೂ ಒಂದು ಬ್ಯಾನಿ, ನಿನ್ನ ತಪ್ಪಲ್ಲ. ವಾಸಿ ಆಗತೈತಿ. ಗುಳಿಗಿ ನಿಧಾನಕ್ಕ ಹಿಡೀತಾವ, ನಡುವ ಬಿಡಬ್ಯಾಡ. ಆ ಯೋಚನಿ ಮತ್ತ ಬಂದ್ರ ಕೂಡ್ಲೇ ಬಾ." ತನ್ನ ಸಂಕಟಕ್ಕೂ ಒಂದು ಹೆಸರುಂಟು ಎಂದು ತಿಳಿದು ಗೌರವ್ವನಿಗೆ ಎಷ್ಟು ಹಗುರವಾಯಿತೆಂದರೆ, ಹೊರಗೆ ಬಂದವಳು ಗಂಡನ ಹತ್ತಿರ ಚಹಾ ಕೇಳಿದಳು.

ಗುಳಿಗೆ ಒಡನೆ ಕೆಲಸ ಮಾಡಲಿಲ್ಲ. ಅವಳೂ ಬಿಡಲಿಲ್ಲ, ಕರೆದಾಗಲೆಲ್ಲ ಹೋಗಿ ಬಂದಳು. ಅಷ್ಟು ದಿನವೂ ಫಕೀರಪ್ಪನೇ ಚೆಲುವಿಗೆ ಹತ್ತಿಕಾಳು ತಿನ್ನಿಸಿ, ಪುಸಲಾಯಿಸಿ ಅರ್ಧ ಚರಿಗೆ ಹಿಂಡಿಕೊಳ್ಳುತ್ತಿದ್ದ.

ಯುಗಾದಿಯ ಹೊತ್ತಿಗೆ ಒಂದು ಬೆಳಗ್ಗೆ ಗೌರವ್ವ ಮತ್ತೆ ಕೆಚ್ಚಲಿಗೆ ಕೈ ಹಚ್ಚಿದಳು. ಬಾಯಿಂದ ತಾನಾಗಿಯೇ ಬಂತು: "ಏ ಕಳ್ಳಿ, ಯಾರಿಗೆ ಮುಚ್ಚಿಟ್ಟೀ?"

ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ಫಕೀರಪ್ಪ ಹಾಗೇ ನಿಂತ. ಚರಿಗೆಗೆ ಹಾಲು ಬೀಳುವ ಸದ್ದು ಕೇಳಿ ಅವನ ಕಣ್ಣು ತುಂಬಿತು.

ನೀತಿ: ಎಮ್ಮೆಗೆ ತೊಂದರೆಯಾದರೆ ಅಂದೇ ಡಾಕ್ಟರ ಬಳಿ ಓಡುವ ನಾವು, ಮನಸ್ಸಿನ ನೋವನ್ನು ಮಾತ್ರ ಮುಚ್ಚಿಡುತ್ತೇವೆ. ಅದೂ ಕಾಯಿಲೆಯೇ. ಬಲ್ಲವರ ಬಳಿ ಹೇಳಿಕೊಳ್ಳುವುದು ನಾಚಿಕೆಯಲ್ಲ, ವಾಸಿಯಾಗುವ ದಾರಿ.